ಬಳ್ಳಿ, ನಾರು, ಒಣ ಎಲೆಯಲ್ಲಿ ದೇಹ-ಆತ್ಮದ ತೂಗು ಶಿಲ್ಪ ಮಾಡೋದು ಹೇಗೆ: ಶುರುವಿಂದ ಕೊನೇವರೆಗೂ

ನೆಲದ ಮೇಲೆ ಕೂತಿರೋ ಶಿಲ್ಪ ತನ್ನ ಭಾರಾನ ಬಚ್ಚಿಟ್ಕೊಂಡುಬಿಡುತ್ತೆ, ತೂಗ್ತಿರೋದಕ್ಕೆ ಆ ಸೌಲಭ್ಯ ಇಲ್ಲ. ದಾರ ಬಿಗಿಯಾಗಿ ಎಳ್ಕೊಂಡಿರೋದು ಕಂಡ್ರೆ ಭಾರ ಇದೆ ಅಂತ ಗೊತ್ತಾಗುತ್ತೆ, ಅದೇ ವಸ್ತು ಯಾರೋ ಪಕ್ಕದಲ್ಲಿ ಹಾದುಹೋದ ಗಾಳಿಗೆ ಮೆಲ್ಲಗೆ ತಿರುಗಿದ್ರೆ ಅಯ್ಯೋ ಇಷ್ಟು ಹಗುರಾನಾ ಅನ್ಸುತ್ತೆ. ಎರಡೂ ಒಂದೇ ಹೊತ್ತಿಗೆ. ದೇಹ, ಆತ್ಮ ಅಂತ ಥೀಮ್ ಇಟ್ಕೊಂಡು ಹೊರಟೋರು ಸುತ್ತಿ ಸುತ್ತಿ ತೂಗು ಶಿಲ್ಪಕ್ಕೇ ಬಂದು ನಿಲ್ಲೋದು ಇದಕ್ಕೇ ಇರ್ಬೇಕು.

ಇಲ್ಲಿ ನಾನು ಒಂದೇ ಒಂದು ಶಿಲ್ಪಾನ ಮೊದಲಿಂದ ಕೊನೇವರೆಗೂ ಕಟ್ಟೋದು ಹೇಳ್ತೀನಿ. ಹೆಗಲಿಂದ ಸೊಂಟದವರೆಗಿನ ಒಂದು ಟೊಳ್ಳು ಮುಂಡ, ಎತ್ತರ ಸುಮಾರು 70 ಸೆಂ.ಮೀ., ಅಗಲ 40 ಸೆಂ.ಮೀ., ಒಟ್ಟು ತೂಕ ಒಂದೂವರೆ ಕೆಜಿ ದಾಟಬಾರದು. ಒಳಗಡೆ ಬೇರೆ ದಾರದಲ್ಲಿ ತೂಗೋ ತುಂಬಾ ಹಗುರವಾದ ಇನ್ನೊಂದು ಭಾಗ. ಒಮ್ಮೆ ಇದನ್ನ ಕಟ್ಟಿದ್ರೆ ಮುಂದೆ ನಿಮ್ಮಿಷ್ಟದ ರೂಪ ಮಾಡ್ಕೋಬಹುದು, ಲೆಕ್ಕ ಎಲ್ಲಾ ಅದೇ.

ಕೈ ಹಾಕೋ ಮೊದಲು ಒಂದು ಮಾತು. ಆತ್ಮ ತೋರಿಸ್ಬೇಕು ಅಂತ ಎಲ್ರೂ ಮೊದಲು ಮಾಡೋದೇ ಏನಾದ್ರೂ ಸೇರಿಸೋದು, ಎದೆ ಒಳಗೆ ಬಲ್ಬು, ಬೆನ್ನಿಗೆ ರೆಕ್ಕೆ, ತಲೆ ಸುತ್ತ ಒಂದು ರಿಂಗು. ದಯವಿಟ್ಟು ಬೇಡ. ಸೇರಿಸಿದಷ್ಟೂ ಅದು ಅಲಂಕಾರದ ಸಾಮಾನಾಗುತ್ತೆ. ತೆಗೀರಿ, ಜಾಗ ಬಿಡಿ. ದೇಹದ ಭಾಗ ಎಲ್ಲಿ ದಟ್ಟ ಇರ್ಬೇಕು, ಎಲ್ಲಿ ಖಾಲಿ ಬಿಡ್ಬೇಕು ಅನ್ನೋದನ್ನ ತೀರ್ಮಾನ ಮಾಡೋದೇ ಇಲ್ಲಿ ಅರ್ಧ ಕೆಲಸ, ಮಿಕ್ಕಿದ್ದು ಗಂಟು ಹಾಕೋದು.

ಯಾರ್ಯಾರು ಏನು ಮಾಡಿದ್ದಾರೆ ಅಂತ ಒಂದ್ಸಲ ನೋಡಿ

ಕಾಪಿ ಹೊಡೆಯೋಕಲ್ಲ, ಕಣ್ಣು ಪಳಗೋಕೆ. ರೂತ್ ಅಸಾವಾ (1926–2013) ಅವರು 1947ರಲ್ಲಿ ಮೆಕ್ಸಿಕೋದ ತೊಲೂಕಾದಲ್ಲಿ ತಂತಿ ಬುಟ್ಟಿ ಹೆಣೆಯೋದು ಕಲಿತು, ಆ ಕುಣಿಕೆ ಹೆಣಿಗೆಯನ್ನೇ ಬೆಳೆಸ್ಕೊಂಡು ಒಂದರೊಳಗೊಂದು ಕಾಣೋ ತೂಗು ರೂಪಗಳನ್ನ ಮಾಡಿದ್ರು, ಒಳಗೂ ಹೊರಗೂ ಒಂದೇ ನೋಟಕ್ಕೆ ಸಿಗುತ್ತೆ, ನಮ್ಮ ಕೆಲಸಕ್ಕೆ ಇದೇ ಮೊದಲ ಪಾಠ. ಪೋಲೆಂಡಿನ ಮಗ್ದಲೇನಾ ಅಬಕಾನೋವಿಚ್ (1930–2017) 1960ರ ದಶಕದಲ್ಲಿ ಕತ್ತಾಳೆ ನಾರಲ್ಲಿ ನೇಯ್ದ ಭಾರೀ ತೂಗು ರೂಪಗಳು ಇದಕ್ಕೆ ತದ್ವಿರುದ್ಧ, ಅಲ್ಲಿ ದೇಹ ಅಂದ್ರೆ ಭಾರ, ಚರ್ಮ, ಮಡಿಕೆ. ನಮ್ಮ ದೇಶದ ಮೃಣಾಲಿನಿ ಮುಖರ್ಜಿ (1949–2015) ಬಣ್ಣ ಹಾಕಿದ ನಾರಿನ ಹಗ್ಗಾನ ಬರೀ ಗಂಟಿನಿಂದಲೇ ಆಳೆತ್ತರದ ರೂಪ ಮಾಡ್ತಿದ್ರು, ಗಂಟೇ ಮಾಂಸ ಅನ್ನೋ ಥರ. ಕಾರ್ನೇಲಿಯಾ ಪಾರ್ಕರ್ 1997ರಲ್ಲಿ ಟೆಕ್ಸಾಸ್‌ನಲ್ಲಿ ಸಿಡಿಲು ಬಡಿದು ಸುಟ್ಟುಹೋದ ಚರ್ಚೊಂದರ ಇದ್ದಿಲನ್ನ ಸಣ್ಣ ತಂತಿಗಳಲ್ಲಿ ತೂಗುಬಿಟ್ಟು ಕ್ಯೂಬ್ ಥರದ ಒಂದು ಆಕಾರ ಕಟ್ಟಿದ್ರು. ಅದನ್ನ ನೋಡಿದ್ರೆ ತುಂಡುಗಳ ನಡುವಿನ ಗ್ಯಾಪೇ ಎಷ್ಟು ಕೆಲಸ ಮಾಡುತ್ತೆ ಅಂತ ಗೊತ್ತಾಗುತ್ತೆ.

ಸ್ಕೆಚ್, ಮತ್ತೆ ಒಂದು ಎಚ್ಚರಿಕೆ

ಇದನ್ನ ಹೇಳದೆ ಮುಂದೆ ಹೋಗೋಕಾಗಲ್ಲ. ಮನುಷ್ಯನ ಆಕಾರಾನ ದಾರಕ್ಕೆ ತೂಗುಬಿಟ್ರೆ ನೋಡೋರಿಗೆ ನೇಣಿನ ನೆನಪು ಬರೋ ಅಪಾಯ ಇದೆ, ಯಾರ ಮನೇಲಿ ಏನಾಗಿದೆಯೋ ನಮಗೆ ಗೊತ್ತಿರಲ್ಲ. ಅದಕ್ಕೇ ತಲೆ ಬೇಡ, ಪೂರ್ತಿ ಕೈಕಾಲು ಬೇಡ, ಕುತ್ತಿಗೆ ಹತ್ರ ಒಂಟಿ ದಾರ ಅಂತೂ ಬೇಡವೇ ಬೇಡ. ಎರಡು ಹೆಗಲು, ಬೆನ್ನು, ಹೀಗೆ ಮೂರು ಕಡೆಯಿಂದ ಹಿಡಿದ್ರೆ ನೇತಾಕಿದ್ದಾರೆ ಅನ್ಸಲ್ಲ, ಎತ್ತಿ ಹಿಡಿದಿದ್ದಾರೆ ಅನ್ಸುತ್ತೆ. ನೋಟಕ್ಕೆ ಇಷ್ಟು ದೊಡ್ಡ ವ್ಯತ್ಯಾಸ ಬರೀ ಮೂರು ಗಂಟಿನ ಜಾಗದಿಂದ.

ಸ್ಕೆಚ್ಚಲ್ಲಿ ಮೂರೇ ಗುರುತು ಸಾಕು: ಬೆನ್ನುಮೂಳೆಯ ಬಾಗು, ದಟ್ಟ ಇರೋ ಜಾಗ (ಹೆಗಲು, ಸೊಂಟದ ಮೂಳೆ), ತೆರೆದಿರೋ ಜಾಗ (ಎದೆಯ ನಡು, ಹೊಟ್ಟೆ). ಮುಂಭಾಗದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ತೆರೆದೇ ಇರ್ಲಿ, ಕಡಿಮೆ ಮಾಡ್ಬೇಡಿ, ಕೊನೇಲಿ ಮುಚ್ಚೋಕೆ ಕೈ ತುರಿಸುತ್ತೆ, ಆಗ ತಡ್ಕೊಳ್ಳಿ.

ಸಾಮಗ್ರಿ ಕೂಡಿಸೋದು

ಬೆನ್ನುಮೂಳೆಗೆ ಹೆಬ್ಬೆರಳು ದಪ್ಪದ, ತಾನಾಗೇ ಬಾಗಿರೋ ಒಣ ಕೊಂಬೆ. ಪಕ್ಕೆಲುಬಿಗೆ ಬೆತ್ತ ಅಥವಾ ಬಳ್ಳಿ, ಪೆನ್ಸಿಲ್‌ಗಿಂತ ಸಣ್ಣ. ಕಟ್ಟೋಕೆ ಮೇಣ ಹಚ್ಚಿದ ಲಿನಿನ್ ದಾರ ಸಿಕ್ರೆ ಬೆಸ್ಟ್, ಇಲ್ಲಾಂದ್ರೆ ಗಟ್ಟಿ ಹತ್ತಿ ದಾರಕ್ಕೆ ಜೇನುಮೇಣ ತಿಕ್ಕಿ. ಹೆಣಿಗೆಗೆ ಸೆಣಬಿನ ಹುರಿ. ಚರ್ಮಕ್ಕೆ ಬಾಳೆ ನಾರಿನ ಅಥವಾ ಹಿಪ್ಪುನೇರಳೆ ನಾರಿನ ಕೈಕಾಗದ, ಉದ್ದ ನಾರಿನದ್ದಾದ್ರೆ ತೆಳ್ಳಗಿದ್ರೂ ಹರಿಯಲ್ಲ. ಒಳಗಿನ ಭಾಗಕ್ಕೆ ಎಲೆಯ ನರಜಾಲ (ತಿರುಳು ಹೋಗಿ ಬರೀ ನರ ಉಳಿದಿರೋ ಎಲೆ), ಅಥವಾ ಒಣಗಿದ ತುಪ್ಪದಹೀರೆಯ ನಾರು.

ಬಿದ್ದಿರೋದನ್ನೇ ಆರಿಸ್ಕೊಳ್ಳಿ, ಗೂಡಿರೋ ಕೊಂಬೆ ಮುಟ್ಬೇಡಿ. ಕಣಗಿಲೆ, ಗೇರು ಜಾತಿಯ ಗಿಡಗಳ ಹಾಲು ಕೈಗೆ ಉರಿ ತರುತ್ತೆ, ಗುರುತು ಸಿಗದ ಬಳ್ಳಿ ಇದ್ರೆ ಗ್ಲೌಸ್ ಹಾಕಿ. ಹಕ್ಕಿ ಗರಿ ಆಸೆ ಎಲ್ರಿಗೂ ಬರುತ್ತೆ, ಆದ್ರೆ ಕಾನೂನು ನೋಡ್ಕೊಳ್ಳಿ, ಅಮೆರಿಕದಲ್ಲಿ 1918ರ ವಲಸೆ ಹಕ್ಕಿ ಕಾಯ್ದೆ ಪ್ರಕಾರ ನೆಲದಲ್ಲಿ ಬಿದ್ದಿದ್ದ ಕಾಡುಹಕ್ಕಿ ಗರಿ ಇಟ್ಕೊಳ್ಳೋದೂ ಬಹುತೇಕ ಅಪರಾಧವೇ.

ತಂದಿದ್ದೆಲ್ಲಾ ಮೊದಲು ಪೂರ್ತಿ ಒಣಗಿಸಿ. ಆಮೇಲೆ ಪ್ಲಾಸ್ಟಿಕ್ ಕವರಲ್ಲಿ ಗಾಳಿ ತೆಗೆದು ಸೀಲ್ ಮಾಡಿ ಫ್ರೀಜರಲ್ಲಿ, ಮೈನಸ್ 18 ಡಿಗ್ರಿ ಆಸುಪಾಸು, ಎರಡು ವಾರ ಇಡಿ. ಒಳಗಿನ ಹುಳ, ಮೊಟ್ಟೆ ಸಾಯೋಕೆ. ಹೊರಗೆ ತೆಗೆದ ತಕ್ಷಣ ಕವರ್ ಬಿಚ್ಬೇಡಿ, ರೂಮಿನ ಬಿಸಿಗೆ ಬರೋವರೆಗೂ ಒಂದು ದಿನ ಹಾಗೇ ಬಿಡಿ, ಇಲ್ಲಾಂದ್ರೆ ತಣ್ಣನೆ ಕೊಂಬೆ ಮೇಲೆ ನೀರು ಕೂತು ಬೂಷ್ಟು ಹಿಡಿಯುತ್ತೆ. ಈ ಸ್ಟೆಪ್ ಬೋರ್ ಅಂತ ಬಿಟ್ಟೋರ ಶಿಲ್ಪದ ಕೆಳಗೆ ಕೆಲವೇ ತಿಂಗಳಲ್ಲಿ ಹಿಟ್ಟು ಉದುರೋಕೆ ಶುರುವಾಗುತ್ತೆ.

ಅಸ್ಥಿಪಂಜರ ಕಟ್ಟೋದು

ಬೆತ್ತ ಆದ್ರೆ ಉಗುರುಬೆಚ್ಚಗಿನ ನೀರಲ್ಲಿ ಅರ್ಧ ಮುಕ್ಕಾಲು ಗಂಟೆ ನೆನೆಸಿದ್ರೆ ಬಾಗುತ್ತೆ. ಹಸಿ ಬಳ್ಳಿ ತಕ್ಷಣ ಬಾಗುತ್ತೆ ಸರಿ, ಆದ್ರೆ ಅಲ್ಲೇ ಮೋಸ ಇರೋದು. ಕಟ್ಟಿಗೆ ಒಣಗುವಾಗ ಉದ್ದದಲ್ಲಿ ಹೆಚ್ಚೇನೂ ಕುಗ್ಗಲ್ಲ, ಅಡ್ಡಕ್ಕೆ ಕುಗ್ಗುತ್ತೆ, ದಪ್ಪ ಇಳಿಯುತ್ತೆ. ಇವತ್ತು ಬಿಗಿಯಾಗಿ ಕಟ್ಟಿದ ಗಂಟು ಒಂದು ತಿಂಗಳಿಗೆ ಉಂಗುರದ ಥರ ಸಡಿಲ ಆಗಿ ಜಾರ್ತಿರುತ್ತೆ. ಹಾಗಾಗಿ ಹಸಿ ಬಳ್ಳೀನ ಸುರುಳಿ ಸುತ್ತಿ ಕೆಲವು ವಾರ ಒಣಗಿಸಿ, ಕಟ್ಟೋ ದಿನ ಮತ್ತೆ ನೆನೆಸಿ ಬಳಸಿ. ಬುಟ್ಟಿ ಹೆಣೆಯೋರು ಹೀಗೇ ಮಾಡೋದು.

ಮನುಷ್ಯನಿಗೆ ಪಕ್ಕೆಲುಬು 12 ಜೊತೆ. ಮೇಲಿನ ಏಳು ಜೊತೆ ಎದೆಮೂಳೆಗೆ ನೇರ ಸೇರುತ್ತೆ, ಆಮೇಲಿನ ಮೂರು ಜೊತೆ ಮೇಲಿನದ್ದರ ಮೃದ್ವಸ್ಥಿಗೆ ಅಂಟ್ಕೊಂಡಿರುತ್ತೆ, ಕೊನೇ ಎರಡು ಜೊತೆ ಮುಂದೆ ಎಲ್ಲೂ ಸೇರದೆ ತೇಲ್ತಿರುತ್ತೆ. ನಮಗೆ 12 ಬೇಡ, ಆರೋ ಏಳೋ ಸಾಕು, ಆದ್ರೆ ಆ ತೇಲೋ ಕೊನೇ ಜೊತೇನ ಬಿಡ್ಬೇಡಿ, ತುದಿ ಗಾಳಿಯಲ್ಲೇ ಮುಗಿಯೋ ಆ ಎರಡು ಗೆರೆ ಇಡೀ ಮುಂಡಕ್ಕೆ ಜೀವ ಕೊಡುತ್ತೆ.

ಇನ್ನೊಂದು, ಬಹಳ ಜನ ಪಕ್ಕೆಲುಬನ್ನ ಅಡ್ಡಡ್ಡ ಸಮವಾಗಿ ಕಟ್ತಾರೆ, ಆಗ ಅದು ಹಕ್ಕಿ ಪಂಜರ ಆಗುತ್ತೆ. ನಿಮ್ಮ ಎದೆ ಮೇಲೆ ಕೈ ಇಟ್ಟು ನೋಡ್ಕೊಳ್ಳಿ, ಬೆನ್ನ ಹತ್ರ ಮೇಲೆ ಶುರುವಾಗಿ ಪಕ್ಕದಿಂದ ಇಳಿಜಾರಾಗಿ ಮುಂದಕ್ಕೆ ಬರೋ ಅಷ್ಟೊತ್ತಿಗೆ ಸಾಕಷ್ಟು ಕೆಳಗೆ ಇಳಿದಿರುತ್ತೆ. ಉಸಿರು ಎಳ್ಕೊಂಡಾಗ ಆ ಇಳಿಜಾರೇ ಮೇಲೇಳೋದು. ಶಿಲ್ಪದಲ್ಲೂ ಬೆನ್ನಿನ ಗಂಟಿಗಿಂತ ಮುಂದಿನ ತುದಿ ನಾಲ್ಕೈದು ಸೆಂ.ಮೀ. ಕೆಳಗೆ ಬರ್ಲಿ. ಎಡ ಬಲ ಕನ್ನಡಿ ಹಿಡಿದಂಗೆ ಒಂದೇ ಥರ ಇರ್ಬೇಕಿಲ್ಲ, ಒಂದು ಹೆಗಲು ಕೊಂಚ ಎತ್ತರ ಇದ್ರೇ ಚೆಂದ.

ಕಟ್ಟು: ಎರಡು ಕಡ್ಡಿ ಅಡ್ಡ ಇಟ್ಟು ದಾರಾನ ಮೂರು ಸುತ್ತು ಕಡ್ಡಿಗಳ ಸುತ್ತ, ಆಮೇಲೆ ಎರಡು ಸುತ್ತು ಕಡ್ಡಿಗಳ ನಡುವೆ, ಸುತ್ತಿದ ದಾರದ ಮೇಲೆಯೇ, ಹಲ್ಲು ಕಚ್ಚಿ ಎಳೆದು. ಬಿಗಿ ಬರೋದು ಈ ನಡುವಿನ ಸುತ್ತಿನಿಂದಲೇ, ಇದನ್ನ ಬಿಟ್ರೆ ಹತ್ತು ಸುತ್ತು ಹಾಕಿದ್ರೂ ಅಲ್ಲಾಡುತ್ತೆ. ಅಂಟು ಬೇಡ, ಗಂಟು ಕಾಣ್ಲಿ. ಪೂರ್ತಿ ಕಟ್ಟಾದ್ಮೇಲೆ ಒಂದು ವಾರ ಒಣಗೋಕೆ ಬಿಟ್ಟು ಸಡಿಲ ಆಗಿರೋದನ್ನ ಮತ್ತೆ ಕಟ್ಟಿ.

ಚರ್ಮ

ಮೊದಲು ಸೆಣಬಿನ ಹುರಿಯಲ್ಲಿ ಕುಣಿಕೆ ಹೆಣಿಗೆ, ಒಂದು ಕುಣಿಕೆಯೊಳಗಿಂದ ಮುಂದಿನದ್ದು, ಸೂಜಿ ಇಲ್ದೇನೂ ಆಗುತ್ತೆ. ಹೆಗಲಲ್ಲಿ, ಸೊಂಟದಲ್ಲಿ ಒತ್ತೊತ್ತಾಗಿ, ಎದೆ ಕಡೆ ಬರ್ತಾ ಬರ್ತಾ ಕುಣಿಕೆ ದೊಡ್ಡದಾಗ್ತಾ ಹೋಗ್ಲಿ, ಕೊನೆಗೆ ಬರೀ ಎರಡು ಮೂರು ಎಳೆ. ದಟ್ಟದಿಂದ ಖಾಲಿಗೆ ಹೋಗೋ ಈ ಜಾರು ಸರಿಯಾಗಿ ಬಂದ್ರೆ ನೋಡೋರ ಕಣ್ಣು ತಾನಾಗೇ ಒಳಗೆ ಹೋಗುತ್ತೆ.

ಅದರ ಮೇಲೆ ಅಲ್ಲಲ್ಲಿ ಕೈಕಾಗದ. ಕತ್ತರಿ ಹಾಕ್ಬೇಡಿ, ಒದ್ದೆ ಕುಂಚದಲ್ಲಿ ಗೆರೆ ಎಳೆದು ಹರೀರಿ, ಅಂಚಲ್ಲಿ ನಾರು ಹೊರಗೆ ಬರುತ್ತೆ, ಆ ನಾರೇ ಇನ್ನೊಂದು ತುಂಡನ್ನ ಹಿಡ್ಕೊಳ್ಳೋದು. ಅಂಟಿಗೆ ಗೋಧಿ ಪಿಷ್ಟ ಒಂದು ಪಾಲು, ನೀರು ನಾಲ್ಕೈದು ಪಾಲು, ಸಣ್ಣ ಉರಿಯಲ್ಲಿ ಕೈ ಬಿಡದೆ ಇಪ್ಪತ್ತು ಮೂವತ್ತು ನಿಮಿಷ ತಿರುವಿ, ಬಿಳಿ ಹೋಗಿ ಅರೆಪಾರದರ್ಶಕ ಆಗೋವರೆಗೂ. ಜಿರಲೆ, ಸಿಲ್ವರ್‌ಫಿಶ್ ಕಾಟ ಇರೋ ಕಡೆ ಇದರ ಬದಲು ಮೀಥೈಲ್ ಸೆಲ್ಯುಲೋಸ್ ಅಂಟು ಬಳಸಿ, ಹಿಡಿತ ಸ್ವಲ್ಪ ಕಮ್ಮಿ, ಆದ್ರೆ ಹುಳಕ್ಕೆ ಅದು ಅಷ್ಟಾಗಿ ರುಚಿಸಲ್ಲ.

ಕಾಗದ ಒಣಗ್ತಾ ಎಳ್ಕೊಳ್ಳುತ್ತೆ, ಮದ್ದಲೆ ಚರ್ಮದ ಹಾಗೆ ಬಿಗಿ ಆಗುತ್ತೆ. ಒಂದೇ ಪಕ್ಕ ಪೂರ್ತಿ ಅಂಟಿಸಿ ಮಲಗೋಕೆ ಹೋದ್ರೆ ಬೆಳಗ್ಗೆ ಅಷ್ಟೊತ್ತಿಗೆ ಪಕ್ಕೆಲುಬು ಆ ಕಡೆಗೆ ವಾಲಿರುತ್ತೆ. ಎಡಕ್ಕೊಂದು ತುಂಡು, ಬಲಕ್ಕೊಂದು ತುಂಡು ಅಂತ ಹಂಚಿ ಹಂಚಿ ಅಂಟಿಸಿ, ಎರಡು ಪದರ ಸಾಕು. ವಾರ್ನಿಶ್ ಬೇಡ, ಅದರ ಹೊಳಪು ಎಲ್ಲಾ ಹಾಳು ಮಾಡುತ್ತೆ.

ಒಳಗಿನ ಭಾಗ: ಎಲೆಯ ನರಜಾಲ

ಅರಳಿ ಎಲೆ, ಮ್ಯಾಗ್ನೋಲಿಯಾ ಎಲೆ, ಹೀಗೆ ನರ ಗಟ್ಟಿ ಇರೋ ಎಲೆ ಬೇಕು, ಬಲಿತಿರ್ಬೇಕು ಆದ್ರೆ ಹರಿದಿರಬಾರದು. ಸ್ಟೀಲ್ ಪಾತ್ರೆಯಲ್ಲಿ ಒಂದು ಲೀಟರ್ ನೀರಿಗೆ ಸುಮಾರು ಅರ್ಧ ಕಪ್ ವಾಷಿಂಗ್ ಸೋಡಾ ಹಾಕಿ ಒಂದೆರಡು ಗಂಟೆ ಸಣ್ಣಗೆ ಕುದಿಸಿ. ಅಲ್ಯೂಮಿನಿಯಂ ಪಾತ್ರೆ ಬೇಡ, ಸೋಡಾ ಅದನ್ನ ತಿನ್ನುತ್ತೆ. ಕಿಟಕಿ ತೆಗೆದಿಡಿ, ಗ್ಲೌಸ್ ಹಾಕಿ, ಆ ಪಾತ್ರೆಯಲ್ಲಿ ಮತ್ತೆ ಅಡುಗೆ ಮಾಡ್ಬೇಡಿ. ಎಲೆ ಕಂದು ಬಣ್ಣಕ್ಕೆ ತಿರುಗಿ, ಉಗುರಲ್ಲಿ ಒತ್ತಿದ್ರೆ ಮೇಲಿನ ಪದರ ಜಾರುತ್ತೆ ಅಂದ್ರೆ ಆಯ್ತು.

ಈಗ ತಟ್ಟೆಯಲ್ಲಿ ಒಂದು ಬೆರಳು ನೀರು ಹಾಕಿ ಎಲೇನ ಬೆನ್ನು ಮೇಲೆ ಮಾಡಿ ಮಲಗಿಸಿ, ಮೃದು ಟೂತ್‌ಬ್ರಶ್‌ನಲ್ಲಿ ನಡುನರದಿಂದ ಅಂಚಿನ ಕಡೆ ಮಾತ್ರ, ಉಲ್ಟಾ ತಿಕ್ಕಬೇಡಿ. ಮೆತ್ತಗಾದ ತಿರುಳು ಮೋಡದ ಥರ ನೀರಿಗೆ ಬಿಟ್ಕೊಳ್ತಾ ಹೋಗುತ್ತೆ, ನಡುನರ ಉಳಿಯುತ್ತೆ, ಅದರಿಂದ ಕವಲು, ಕವಲಿಂದ ಇನ್ನೂ ಸಣ್ಣ ಜಾಲ, ಕೊನೆಗೆ ಬೆರಳ ಗೆರೆ ಆಚೆಯಿಂದ ಕಾಣೋ ಅಷ್ಟು ತೆಳು ಆಗುತ್ತೆ. ಎಲೆ ತೊಟ್ಟಿನ ಹತ್ರ ಬ್ರಶ್ ಬೇಡ, ಬೆರಳ ತುದಿಯಲ್ಲೇ ಒರೆಸಿ. ಕೆಲವು ಹರಿಯುತ್ತೆ, ಪರವಾಗಿಲ್ಲ, ಹರಿದಿದ್ದೂ ಬಳಸಬಹುದು. ಬಟ್ಟೆ ನಡುವೆ ಇಟ್ಟು ಭಾರ ಹೇರಿ ಒಣಗಿಸಿ.

ಹತ್ತು ಹದಿನೈದು ಎಲೇನ ರೇಷ್ಮೆ ದಾರದಲ್ಲಿ ತೊಟ್ಟಿನ ಹತ್ರ ಕಟ್ಟಿ ಒಂದರ ಕೆಳಗೊಂದು ಬಿಡಿ. ಹೃದಯದ ಆಕಾರ, ಜ್ವಾಲೆ ಆಕಾರ ಅಂತ ಜೋಡಿಸೋಕೆ ಹೋಗ್ಬೇಡಿ. ಸುಮ್ನೆ ಬಿಡಿ.

ತೂಗೋದು: ಲೆಕ್ಕ ಇಲ್ಲೇ ಇರೋದು

ಗುರುತ್ವಕೇಂದ್ರ, ಅಂದ್ರೆ ಇಡೀ ತೂಕ ಸಮತೋಲಕ್ಕೆ ಬರೋ ಬಿಂದು, ಎಲ್ಲಿದೆ ಅಂತ ಮೊದಲು ಹುಡುಕಿ. ಶಿಲ್ಪಾನ ಒಂದು ಹೆಗಲಿಂದ ತಾತ್ಕಾಲಿಕವಾಗಿ ತೂಗಿ, ಅದೇ ಬಿಂದುವಿಂದ ತೂಕದ ದಾರ ಇಳಿಬಿಟ್ಟು ಆ ಗೆರೆಯ ಫೋಟೋ ತೆಗೀರಿ, ಆಮೇಲೆ ಇನ್ನೊಂದು ಹೆಗಲಿಂದ. ಎರಡು ಗೆರೆ ಎಲ್ಲಿ ಸೇರುತ್ತೋ ಗುರುತ್ವಕೇಂದ್ರ ಅಲ್ಲೇ. ಮೂರು ದಾರಗಳು ಸೇರೋ ಬಿಂದು ಅದರ ನೇರ ಮೇಲೆ ಬರ್ಬೇಕು. ಮುಂದಕ್ಕೆ ವಾಲ್ತಿದ್ರೆ ಬೆನ್ನಿನ ದಾರಾನ ಸ್ವಲ್ಪ ಉದ್ದ ಮಾಡಿ. ನನಗಂತೂ ಒಂದು ಚೂರು ಮುಂದಕ್ಕೆ ವಾಲಿದ್ರೇ ಇಷ್ಟ, ಏನೋ ಕೇಳಿಸ್ಕೊಳ್ತಿದೆ ಅನ್ಸುತ್ತೆ.

ದಾರಗಳ ನಡುವಿನ ಕೋನ ಮರೀಬೇಡಿ. ಎರಡು ದಾರ 60 ಡಿಗ್ರಿಯಲ್ಲಿ ಅಗಲಿದ್ರೆ ಒಂದೊಂದರ ಮೇಲೂ ಒಟ್ಟು ತೂಕದ 58 ಪರ್ಸೆಂಟ್ ಎಳೆತ, 90 ಆದ್ರೆ 71 ಪರ್ಸೆಂಟ್, 120 ಡಿಗ್ರಿ ಆದ್ರೆ ಒಂದೊಂದರ ಮೇಲೂ ಪೂರ್ತಿ ತೂಕ. ಅಂದ್ರೆ ದಾರ ಹೆಚ್ಚಿಸಿದ್ರೂ ಅಗಲ ಮಾಡಿದ್ರೆ ಲಾಭ ಇಲ್ಲ. ಮೂರು ದಾರದ ಲೆಕ್ಕ ಕೊಂಚ ಬೇರೆ, ಬುದ್ಧಿ ಅದೇ. ಪ್ರತಿ ದಾರವೂ ಒಂಟಿಯಾಗೇ ಪೂರ್ತಿ ತೂಕದ ಹತ್ತು ಪಟ್ಟು ತಡೆಯೋ ಹಂಗಿರ್ಲಿ, ಗಂಟು ಹಾಕಿದಲ್ಲಿ ದಾರದ ಶಕ್ತಿ ಅರ್ಧದವರೆಗೂ ಇಳಿಯಬಹುದು, ಹಾಗಾಗಿ ಒಂದೂವರೆ ಕೆಜಿ ಶಿಲ್ಪಕ್ಕೆ 30 ಕೆಜಿ ತಡೆಯೋ ದಾರ ತಗೊಳ್ಳಿ. ಅತಿ ಅನ್ಸಿದ್ರೂ ಕೆಳಗೆ ಜನ ಓಡಾಡ್ತಾರೆ ನೆನಪಿಡಿ.

ಯಾವ ದಾರ? ಮೀನಿನ ನೈಲಾನ್ ದಾರ ಕಾಣಲ್ಲ ಅಂತ ಎಲ್ರೂ ಅದಕ್ಕೇ ಹೋಗ್ತಾರೆ, ಆದ್ರೆ ಅದು ಭಾರಕ್ಕೆ ನಿಧಾನಕ್ಕೆ ಹಿಗ್ಗುತ್ತೆ, ಬಿಸಿಲಿಗೆ ಸೊರಗುತ್ತೆ, ಗಂಟು ಜಾರುತ್ತೆ. ಅದಕ್ಕಿಂತ ಹೆಚ್ಚಾಗಿ, ಈ ಕೆಲಸದಲ್ಲಿ ದಾರ ಕಾಣ್ಬೇಕು ಅನ್ನೋದು ನನ್ನ ಅಭಿಪ್ರಾಯ, ದೇಹಾನ ಏನು ಹಿಡಿದಿದೆ ಅನ್ನೋದೇ ಪ್ರಶ್ನೆ ಆಗಿರುವಾಗ ಹಿಡಿದಿರೋದನ್ನ ಬಚ್ಚಿಡೋದು ಯಾಕೆ. ಹೆಣೆದ ಲಿನಿನ್ ಅಥವಾ ಹತ್ತಿ ಹಗ್ಗ ಬಳಸಿ. ಹೊಸೆದ ಹಗ್ಗ ಆದ್ರೆ ಭಾರ ಬಿದ್ದ ಕೂಡ್ಲೇ ಹೊಸೆತ ಬಿಚ್ಕೊಳ್ಳೋಕೆ ನೋಡುತ್ತೆ, ಶಿಲ್ಪ ತಿರುಗುತ್ತೆ. ತಿರುಗೋದು ಬೇಕಾದ್ರೆ ಮೇಲ್ಗಡೆ ಒಂದು ಸ್ವಿವೆಲ್ (ಸಲೀಸಾಗಿ ತಿರುಗೋ ಕೊಂಡಿ) ಹಾಕಿ, ಬೇಡಾಂದ್ರೆ ಮೇಲೆ ಎರಡು ಹುಕ್ಕು ಅಂತರ ಬಿಟ್ಟು ಹಾಕಿ. ನಾರಿನ ಹಗ್ಗ ತೇವಕ್ಕೆ ಊದಿ ಉದ್ದ ಕಮ್ಮಿ ಆಗುತ್ತೆ, ಮಳೆಗಾಲದಲ್ಲಿ ಶಿಲ್ಪ ಒಂದು ಸ್ವಲ್ಪ ಮೇಲೆ ಹೋದ್ರೆ ಗಾಬರಿ ಬೇಡ.

ಸೀಲಿಂಗಲ್ಲಿ ಕಾಂಕ್ರೀಟ್ ಇದ್ರೆ ಎಕ್ಸ್‌ಪಾನ್ಶನ್ ಆಂಕರ್ (ತೂತಿನೊಳಗೆ ಅಗಲವಾಗಿ ಬಿಗಿ ಹಿಡಿಯೋ ಬೋಲ್ಟು), ಮರದ ತೊಲೆ ಇದ್ರೆ ಅದಕ್ಕೇ ಸ್ಕ್ರೂ ಹುಕ್. ಫಾಲ್ಸ್ ಸೀಲಿಂಗ್ ಬೋರ್ಡಿಗೆ ಮಾತ್ರ ನೇತು ಹಾಕ್ಬೇಡಿ, ಫ್ಯಾನ್ ಹುಕ್ಕಿಗೆ ಫ್ಯಾನ್ ಜೊತೆ ಸೇರಿಸಿ ಅಂತೂ ಬೇಡ. ಹುಕ್ ಹಾಕಿ ಮೊದಲು ಮರಳು ಚೀಲ ನಾಲ್ಕೈದು ಪಟ್ಟು ತೂಕದ್ದು ಒಂದು ರಾತ್ರಿ ತೂಗಿ ನೋಡಿ.

ಉಸಿರಿನ ಲಯ, ಎತ್ತರ, ಬೆಳಕು

ತೂಗೋ ವಸ್ತುವಿನ ಆಂದೋಲನದ ಕಾಲ, ಅಂದ್ರೆ ಒಂದ್ಸಲ ಹೋಗಿ ವಾಪಸ್ ಬರೋಕೆ ಹಿಡಿಯೋ ಹೊತ್ತು, ದಾರದ ಉದ್ದದ ಮೇಲೆ ನಿಂತಿದೆ, ತೂಕದ ಮೇಲಲ್ಲ. ಹುಕ್ಕಿಂದ ಗುರುತ್ವಕೇಂದ್ರಕ್ಕೆ 25 ಸೆಂ.ಮೀ. ಇದ್ರೆ ಒಂದು ಸೆಕೆಂಡು, 1 ಮೀಟರ್ ಇದ್ರೆ ಎರಡು, ಎರಡೂಕಾಲು ಮೀಟರ್ ಇದ್ರೆ ಮೂರು, 4 ಮೀಟರ್ ಇದ್ರೆ ನಾಲ್ಕು. ಸುಮ್ನೆ ಕೂತಿರೋ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡ್ತಾರೆ, ಅಂದ್ರೆ ಒಂದು ಉಸಿರಿಗೆ ಮೂರರಿಂದ ಐದು ಸೆಕೆಂಡು. ಸೀಲಿಂಗ್ ಎತ್ತರ ಇದ್ದು ಎರಡೂಕಾಲು ಮೀಟರ್ ದಾಟಿಸೋಕೆ ಆದ್ರೆ ಶಿಲ್ಪ ತೂಗೋ ವೇಗ ನೋಡೋರ ಉಸಿರಿನ ವೇಗಕ್ಕೆ ಹತ್ರ ಬರುತ್ತೆ, ಯಾರೂ ಎಣಿಸಲ್ಲ, ಆದ್ರೆ ಮೈಗೆ ಗೊತ್ತಾಗುತ್ತೆ. ಒಳಗಿನ ಎಲೆಗಳ ದಾರಾನ ಪ್ರತ್ಯೇಕ ಹುಕ್ಕಿಂದ ಕುತ್ತಿಗೆ ತೂತಿನ ಮೂಲಕ ಇಳಿಸಿ, ದಾರ ಅಂಚಿಗೆ ತಾಗದ ಹಂಗೆ. ಅವು ಎಷ್ಟು ಹಗುರ ಅಂದ್ರೆ ಈ ಲೆಕ್ಕ ಅವಕ್ಕೆ ಅನ್ವಯಿಸಲ್ಲ, ಗಾಳಿ ಹೇಳಿದ್ದೇ ಲಯ, ದೇಹ ನಿಂತ ಮೇಲೂ ಒಳಗಡೆ ಅಲ್ಲಾಡ್ತಿರುತ್ತೆ. ಹೊರಗಿಂದೊಂದು ಲಯ, ಒಳಗಿಂದೊಂದು ಲಯ, ಈ ಇಡೀ ಕೆಲಸದ ತಿರುಳು ಇದೇ.

ಎತ್ತರ: ಶಿಲ್ಪದ ಎದೆ ನೋಡೋರ ಎದೆಯ ಮಟ್ಟಕ್ಕೆ, ಸುಮಾರು 130 ಸೆಂ.ಮೀ. ಮೇಲಕ್ಕೆ ಹೋದ್ರೆ ದೀಪದ ಗೊಂಚಲಾಗುತ್ತೆ. ಸುತ್ತ ಒಂದು ಸುತ್ತು ಬರೋಕೆ ಜಾಗ ಇರ್ಲಿ.

ಬೆಳಕು ಒಂದೇ ಸಾಕು, ಪಕ್ಕದಿಂದ, ಎಲ್ಇಡಿ ಮಾತ್ರ. ಹ್ಯಾಲೋಜನ್ ಹತ್ರ ಇಟ್ರೆ ಇದು ಒಣ ಸೌದೆ, ಹತ್ತಿಕೊಳ್ಳುತ್ತೆ. ಸಾರ್ವಜನಿಕ ಜಾಗದಲ್ಲಿ ಇಡೋದಾದ್ರೆ ಅಗ್ನಿನಿರೋಧಕ ಲೇಪನ ಕೇಳ್ತಾರಾ ಅಂತ ಮೊದಲೇ ವಿಚಾರಿಸಿ, ಮಾಡಿ ಮುಗಿಸಿದ ಮೇಲೆ ಕಾಗದಕ್ಕೆ ಸ್ಪ್ರೇ ಹೊಡೆದ್ರೆ ಕಲೆ ಬೀಳುತ್ತೆ, ಯಾವಾಗ್ಲೂ ಒಂದು ಚೂರಿನ ಮೇಲೆ ಟೆಸ್ಟ್ ಮಾಡಿ.

ಆಮೇಲಿನ ಕಾಳಜಿ

ಧೂಳಿಗೆ ಮೃದು ಕುಂಚ, ಒದ್ದೆ ಬಟ್ಟೆ ಬೇಡ. ಮೂರ್ನಾಲ್ಕು ತಿಂಗಳಿಗೊಮ್ಮೆ ಗಂಟು, ಹುಕ್ಕು ಕೈಯಲ್ಲಿ ಮುಟ್ಟಿ ನೋಡಿ, ನೇರ ಬಿಸಿಲು ಬೀಳೋ ಕಡೆ ಇದ್ರೆ ತೂಗೋ ಹಗ್ಗಾನ ಆಗಾಗ ಬದಲಾಯಿಸಿ. ಕೆಳಗೆ ಸಣ್ಣ ಹಿಟ್ಟು ಕಂಡ್ರೆ ಹುಳ ಬಿದ್ದಿದೆ, ಇಳಿಸಿ ಮತ್ತೆ ಫ್ರೀಜರಿಗೆ, ಅಷ್ಟು ದೊಡ್ಡ ಫ್ರೀಜರ್ ಇಲ್ಲಾಂದ್ರೆ ಹುಳ ಬಿದ್ದ ಕಡ್ಡಿ ಮಾತ್ರ ಬಿಚ್ಚಿ ಬದಲಾಯಿಸಿ, ಅಂಟು ಬೇಡ ಅಂದಿದ್ದು ಇದಕ್ಕೂ ಉಪಯೋಗಕ್ಕೆ ಬರುತ್ತೆ. ಕಾಗದ ಹಳದಿ ಆದ್ರೆ ಆಗ್ಲಿ ಬಿಡಿ, ಹರಿದ್ರೆ ಮಾತ್ರ ಅದೇ ನಾರಿನ ಕಾಗದದ ತೇಪೆ ಹಾಕಿ.

ಸಾಗಿಸೋವಾಗ ಮಲಗಿಸ್ಬೇಡಿ, ಪಕ್ಕೆಲುಬು ತನ್ನದೇ ಭಾರಕ್ಕೆ ಅಪ್ಪಚ್ಚಿ ಆಗುತ್ತೆ. ಎತ್ತರದ ರಟ್ಟಿನ ಪೆಟ್ಟಿಗೆಗೆ ಅಡ್ಡ ಒಂದು ಕೋಲು ತೂರಿಸಿ ಅದಕ್ಕೇ ತೂಗುಬಿಡಿ, ಅಲ್ಲಾಡದ ಹಂಗೆ ಸೊಂಟದ ಹತ್ರ ಎರಡು ಕಡೆ ಸಡಿಲವಾಗಿ ದಾರ ಕಟ್ಟಿ. ಎಲೆಗಳನ್ನ ಬೇರೆ ಬಿಚ್ಚಿ, ಪುಸ್ತಕದ ಹಾಳೆಗಳ ನಡುವೆ ಇಟ್ಟು ತಗೊಂಡು ಹೋಗಿ.